ಕ್ರಿಸ್ಟಿಯ ‘ಎಲಿಫೆಂಟ್ಸ್ ಕ್ಯಾನ್ ರಿಮೆಂಬರ್’: ತಪ್ಪು ನನ್ನ ಓದಿನದಾ, ಪುಸ್ತಕದ್ದಾ?

ಕಪಾಟಿನಂಚು

ಅಗಾಥಾ ಕ್ರಿಸ್ಟಿಯವರ ‘ಎಲಿಫೆಂಟ್ಸ್ ಕ್ಯಾನ್ ರಿಮೆಂಬರ್’ (1972) ಓದಿದವರಿಗೆ ಒಂದು ಪ್ರಶ್ನೆ. ಎಳೆಯೇನೋ ಗಟ್ಟಿಯಾಗಿಯೇ ಇದೆ. ನಿವೃತ್ತ ಜನರಲ್ ರೇವನ್ಸ್‌ಕ್ರಾಫ್ಟ್ ಮತ್ತು ಅವರ ಹೆಂಡತಿ ಕಡಲಂಚಿನ ದಿಬ್ಬದ ಮೇಲೆ ಗುಂಡೇಟಿನಿಂದ ಸತ್ತು ಬಿದ್ದಿದ್ದಾರೆ. ಮೊದಲು ಗುಂಡು ಹಾರಿಸಿದ್ದು ಗಂಡನೋ ಹೆಂಡತಿಯೋ ಅನ್ನೋದು ಪೊಲೀಸರಿಗೆ ಬಗೆಹರಿಯಲೇ ಇಲ್ಲ. ವರ್ಷಗಳು ಕಳೆದು ಮಗಳು ಸೀಲಿಯಾಳ ಮದುವೆ ಮಾತು ಬಂದಾಗ ಹುಡುಗನ ಮನೆ ಕಡೆಯ ಹೆಂಗಸು ಅದನ್ನು ಮತ್ತೆ ಕೆದಕುತ್ತಾಳೆ.

ಇಷ್ಟಾದ ಮೇಲೆ ಪುಸ್ತಕ ಮುಂದಕ್ಕೇ ಹೋಗಲ್ಲ. ಸಾವು ನಡೆದು ಎಷ್ಟು ವರ್ಷ ಆಯ್ತು ಅಂತ ನೋಡಿದರೆ ಒಂದು ಕಡೆ ಹತ್ತು ಹನ್ನೆರಡು, ಇನ್ನೊಂದು ಕಡೆ ಹದಿನೈದು, ಮತ್ತೊಂದು ಕಡೆ ಇಪ್ಪತ್ತು. ಕೇಳಿದ್ದನ್ನೇ ಇನ್ನೊಬ್ಬರ ಬಾಯಲ್ಲಿ ಮತ್ತೆ ಕೇಳಬೇಕು. ಅರ್ಧಕ್ಕೆ ಬರುವಷ್ಟರಲ್ಲಿ ಗುಟ್ಟು ಹೊಳೆದುಬಿಡತ್ತೆ, ಪತ್ತೇದಾರ ಪ್ವಾರೋಗೆ ಮಾತ್ರ ಹೊಳೆಯಲ್ಲ.

ಕೈಯಲ್ಲಿರೋದು ಮುದ್ರಣ ಕೆಟ್ಟ ಪ್ರತಿಯಾ? ವರ್ಷಗಳ ಗೊಂದಲ ಬೇಕಂತಲೇ ಇಟ್ಟಿದ್ದಾ? ಮುಂದಿನದು ‘ಪೋಸ್ಟರ್ನ್ ಆಫ್ ಫೇಟ್’ ಅಂತಿದ್ದೆ, ಓದಬಹುದಾ? ದಯವಿಟ್ಟು ಯಾರೂ ಗುಟ್ಟು ಬಿಡಬೇಡಿ.

ಶೇಷಪತ್ರ

ಪ್ರತಿ ಸರಿಯಾಗೇ ಇದೆ. ಆ ವರ್ಷಗಳ ಗೊಂದಲ ಎಲ್ಲ ಆವೃತ್ತಿಯಲ್ಲೂ ಇದೆ, ಮೂಲದ್ದೇ ತಪ್ಪು.

ಬೇಕಂತಲೇ ಇಟ್ಟಿದ್ದಲ್ಲ ಅಂತ ಹೇಗೆ ಹೇಳೋದು? ಒಂದು ಅಂಚೆ ಕಾರ್ಡ್‌ನಷ್ಟು ಕಾಗದ ತಗೊಂಡು ಮೂರು ಗೆರೆ ಎಳೀರಿ. ಘಟನೆ, ಯಾರು ಹೇಳಿದ್ದು, ಪುಟ. ವಯಸ್ಸು, ವರ್ಷ, ಗಂಟೆ, ದೂರ ಇಂಥ ಅಂಕಿ ಎಲ್ಲಿ ಬಂದರೂ ಬರೆದಿಡಿ, ಬೇರೇನೂ ಬೇಡ. ಒಂದೇ ಘಟನೆಗೆ ಎರಡು ಅಂಕಿ ಸಿಕ್ಕರೆ ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿ. ಕೊನೆಯ ಅಧ್ಯಾಯದಲ್ಲಿ ಪತ್ತೇದಾರ ಆ ಪ್ರಶ್ನೆಚಿಹ್ನೆಯನ್ನು ಕೈಗೆತ್ತಿಕೊಂಡು ‘ಇವರು ಹೀಗಂದರು, ಅವರು ಹಾಗಂದರು, ಹಾಗಾಗಿ ಒಬ್ಬರು ಸುಳ್ಳು’ ಅಂದರೆ ಅದು ಸುಳಿವು. ಯಾರೂ ಅದರ ಸುದ್ದಿಯೇ ಎತ್ತದೆ ಪುಸ್ತಕ ಮುಗಿದರೆ ಅದು ಲೇಖಕರ ಕೈತಪ್ಪು. ಈ ಪುಸ್ತಕದಲ್ಲಿ ವರ್ಷಗಳ ವಿಷಯ ಹಾಗೇ ಉಳಿದುಬಿಡತ್ತೆ.

ಬೇರೆ ಕಾದಂಬರಿಯಲ್ಲಿ ಇಂಥ ತಪ್ಪು ಕಂಡರೆ ನಕ್ಕು ಪುಟ ತಿರುಗಿಸಬಹುದು. ಪತ್ತೇದಾರಿಯಲ್ಲಿ ಆಗಲ್ಲ, ಯಾಕೆಂದರೆ ಇಲ್ಲಿ ಲೇಖಕರ ತಪ್ಪೂ ಸುಳಿವಿನ ವೇಷದಲ್ಲೇ ಬರತ್ತೆ. ‘ಹದಿನೈದು’ ಇದ್ದದ್ದು ‘ಇಪ್ಪತ್ತು’ ಆದ ಕೂಡಲೇ ಓದುಗ ಕಿವಿ ನಿಮಿರಿಸಿ ಕೂರ್ತಾನೆ, ಲೆಕ್ಕ ಹಾಕ್ತಾನೆ, ಒಬ್ಬರ ಮೇಲೆ ಅನುಮಾನ ಕಟ್ಟುತ್ತಾನೆ. ಕೊನೆಗೆ ಅದೆಲ್ಲ ದಂಡ. ನಿಮಗಾದ ಬೇಸರದಲ್ಲಿ ಅರ್ಧ ಇದೇ. ‘ಹಳೇ ಮಂದಿಯ ನೆನಪು’ ಅನ್ನೋದೇ ಇಲ್ಲಿ ವಸ್ತು ಆದ್ದರಿಂದ ಪಾತ್ರ ಮರೆತದ್ದು ಯಾವುದು, ಲೇಖಕಿ ಮರೆತದ್ದು ಯಾವುದು ಅಂತ ಬಿಡಿಸೋದು ಇನ್ನೂ ಕಷ್ಟ.

ಹೋಲಿಸಿ ನೋಡೋಕೆ ‘ಫೈವ್ ಲಿಟಲ್ ಪಿಗ್ಸ್’ ತಗೊಳ್ಳಿ. ಎರಡನೇ ಮಹಾಯುದ್ಧದ ಕಾಲದ ಪುಸ್ತಕ, ಹೂರಣ ಹೆಚ್ಚುಕಡಿಮೆ ಇದೇ. ಮಗಳೊಬ್ಬಳು ಬಂದು ಅಪ್ಪ ಅಮ್ಮನ ಹಳೇ ಪ್ರಕರಣ ಬಿಚ್ಚಿಡಿ ಅಂತಾಳೆ. ಅಲ್ಲಿ ಹದಿನಾರು ವರ್ಷ ಅಂದರೆ ಹದಿನಾರೇ. ಚಿತ್ರಕಾರ ಏಮಿಯಸ್ ಕ್ರೇಲ್ ಕೋನೈನ್ ವಿಷದಿಂದ ಸತ್ತ, ಹೆಂಡತಿ ಕ್ಯಾರೊಲಿನ್‌ಗೆ ಶಿಕ್ಷೆಯಾಯ್ತು, ಆಕೆ ಜೈಲಲ್ಲೇ ತೀರಿಕೊಂಡಳು. ಪುಸ್ತಕ ಮೂರು ಭಾಗ. ಮೊದಲನೆಯದರಲ್ಲಿ ವಕೀಲರು, ಪೊಲೀಸರು, ಐವರು ಶಂಕಿತರ ಜೊತೆ ಮಾತುಕತೆ. ಎರಡನೆಯದರಲ್ಲಿ ಆ ಐವರೂ ಬರೆದುಕೊಟ್ಟ ಹೇಳಿಕೆ. ಮೂರನೆಯದು ಬಿಡಿಸೋದು. ಒಂದೇ ದಿನವನ್ನು ಐದು ಸಲ ಓದಿದರೂ ಬೇಸರ ಬರಲ್ಲ, ಪ್ರತಿ ಸಲ ಒಂದೇ ಒಂದು ವಸ್ತು ಜಾಗ ಬದಲಿಸಿರತ್ತೆ. ಬಾಗಿಲಾಚೆಯಿಂದ ಕೇಳಿಸಿದ ಒಂದು ಮಾತಿನ ಮೇಲೆ ಕಣ್ಣಿಡಿ. ಮಾತು ಸುಳ್ಳಲ್ಲ. ಅದು ಯಾರನ್ನು ಕುರಿತದ್ದು ಅನ್ನೋದನ್ನು ನಾವೇ ತಪ್ಪಾಗಿ ತಿಳ್ಕೊಂಡಿರ್ತೀವಿ.

ಗುಬ್ಬಿಗೂಡು

ಶೇಷಪತ್ರ ಅವರೇ, ಗುಟ್ಟು ಬಿಡಬೇಡಿ ಅಂದಮೇಲೂ ಕೊನೆಯ ಎರಡು ಸಾಲಲ್ಲಿ ಅರ್ಧ ಬಿಟ್ಟೇಬಿಟ್ರಲ್ಲ!

ಇರಲಿ. ಗುಟ್ಟು ಬೇಗ ಹೊಳೆಯೋದು ಯಾಕೆ ಅನ್ನೋದಕ್ಕೆ ಉತ್ತರ ಆ ವಿಗ್ಗುಗಳಲ್ಲಿದೆ. ಲೇಡಿ ರೇವನ್ಸ್‌ಕ್ರಾಫ್ಟ್ ಹತ್ತಿರ ನಾಲ್ಕು ವಿಗ್ ಇದ್ದವು. ಸುಳಿವು ಒಳ್ಳೇದೇ, ಇಟ್ಟ ರೀತಿ ಕೆಟ್ಟಿದೆ. ಕ್ರಿಸ್ಟಿಯ ಒಳ್ಳೇ ದಿನಗಳಲ್ಲಾಗಿದ್ದರೆ ಅದು ಟೋಪಿ, ಕೈಚೀಲ, ಶಾಲು ಇವುಗಳ ಪಟ್ಟಿಯ ನಡುವೆ ಒಂದೇ ಸಲ ಸುಳಿದು ಹೋಗೋದು, ಮರುಸಾಲಲ್ಲೇ ಯಾರೋ ಕಪ್ಪು ಬಸಿ ಬೀಳಿಸಿ ನಮ್ಮ ಗಮನ ಆಕಡೆ ಎಳೆಯೋರು. ಇಲ್ಲಿ ವಿಗ್ ಮಾತು ಒಬ್ಬರಾದಮೇಲೆ ಒಬ್ಬರ ಬಾಯಲ್ಲಿ ಬರತ್ತೆ, ಸಾಲದು ಅಂತ ವಿಗ್ ಮಾರಿದವಳನ್ನೇ ಹುಡುಕಿಕೊಂಡು ಹೋಗ್ತಾರೆ. ಸುಳಿವು ಮೂರನೇ ಸಲ ಬಂತು ಅಂದರೆ ಅದು ಡಂಗುರ.

ಅತ್ತಿಕೊಳ್ಳದ ಹುಡುಗಿ

ಎಲ್ಲಾರೂ ಬೈಯಾಕತ್ತೀರಿ, ಆದ್ರ ಮೊದಲನೇ ಅಧ್ಯಾಯ ಇನ್ನೊಮ್ಮೆ ಓದ್ರಿ. ಸಾಹಿತಿಗಳ ಊಟದ ಸಮಾರಂಭದಾಗ ಪ್ವಾರೋನ ಗೆಳತಿ, ಪತ್ತೇದಾರಿ ಬರೆಯೋ ಮಿಸೆಸ್ ಆಲಿವರ್ ಕಟ್ಟಿಸಿಕೊಂಡ ಹಲ್ಲಿಗೆ ಯಾವ ತಿನಿಸು ತಡೀತದ ಅಂತ ಲೆಕ್ಕ ಹಾಕ್ಕೋತ ಮೆರಾಂಗ್ ಅನ್ನೋ ಸಿಹಿ ತಿಂತಾಳ. ಎಂಬತ್ತು ದಾಟಿದ ಕ್ರಿಸ್ಟಿಯಂಥಾಕಿಗೆ ಮಾತ್ರ ಹೊಳೆಯೋ ನಗೆ ಅದು. ಹೆಸರಿನ ಆನೆ ಎಲ್ಲಿಂದ ಬಂತು ಗೊತ್ತೇನ್ರಿ? ಸೂಜಿ ಚುಚ್ಚಿದ ದರ್ಜಿ ಮ್ಯಾಲ ಆನೆ ನೀರು ಉಗುಳಿದ ನಮ್ಮ ಸಾಲಿ ಕಥಿ ಐತಲ್ಲ, ಅದನ್ನ ಆಲಿವರ್ ಹೇಳ್ತಾಳ. ದರ್ಜಿ ಇಂಡಿಯಾದಾವ ಅಂತನೂ ಹೇಳ್ತಾಳ. ಪತ್ತೇದಾರಿ ಅಂತ ಓದಿದ್ರ ಸಪ್ಪೆ, ಖರೆ. ಮುಪ್ಪಿನ ಹರಟಿ ಅಂತ ಓದಿದ್ರ ಅಷ್ಟೇನೂ ಕೆಟ್ಟಿಲ್ಲ.

ನೂರೊಂದನೇ ಪುಟ

ಓದೋ ಕ್ರಮ ಕೇಳಿದ್ದೀರಿ, ಅದಕ್ಕೆ ನೇರ ಉತ್ತರ. ಕ್ರಿಸ್ಟಿಯನ್ನು ಪ್ರಕಟವಾದ ವರ್ಷದ ಪ್ರಕಾರ ಓದಬೇಡಿ, ಬರೆದ ಕಾಲ ನೋಡಿ. ‘ಕರ್ಟನ್’ 1975ರಲ್ಲಿ, ‘ಸ್ಲೀಪಿಂಗ್ ಮರ್ಡರ್’ ಅವರು ತೀರಿಕೊಂಡ ಮೇಲೆ 1976ರಲ್ಲಿ ಬಂದವು. ಎರಡೂ ಮಹಾಯುದ್ಧದ ಕಾಲದಲ್ಲೇ ಬರೆದು ತೆಗೆದಿಟ್ಟಿದ್ದವು. ಅಂದರೆ ನಿಜವಾಗಿ ಕಡೆಗೆ ಬರೆದ ಕಾದಂಬರಿ 1973ರ ‘ಪೋಸ್ಟರ್ನ್ ಆಫ್ ಫೇಟ್’, ನೀವು ಮುಂದೆ ಓದಬೇಕಂತಿರೋದೇ.

ಸದ್ಯಕ್ಕೆ ಅದನ್ನು ಎತ್ತಿಡಿ. ಶುರು ಏನೋ ಮಜವಾಗಿದೆ. ಕ್ರಿಸ್ಟಿಯ ಪತ್ತೇದಾರ ಜೋಡಿ ಟಾಮಿ ಟಪ್ಪೆನ್ಸ್ ದಂಪತಿ ಕೊಂಡ ಮನೆಯ ಹಳೇ ಮಕ್ಕಳ ಪುಸ್ತಕವೊಂದರಲ್ಲಿ ಬಿಡಿ ಅಕ್ಷರಗಳ ಕೆಳಗೆ ಗೆರೆ ಎಳೆದಿರತ್ತೆ. ಕೂಡಿಸಿ ಓದಿದರೆ ಮೇರಿ ಜೋರ್ಡನ್ ಅನ್ನೋಳ ಸಾವು ಸಹಜ ಅಲ್ಲ ಅನ್ನೋ ಸಂದೇಶ. ಆಮೇಲೆ ಕಥೆ ಗಾಣದ ಎತ್ತು. ಆ ಜೋಡಿ ಇಷ್ಟ ಅನ್ನೋದಾದರೆ 1922ರ ‘ದಿ ಸೀಕ್ರೆಟ್ ಅಡ್ವರ್ಸರಿ’ಯಿಂದ ಹಿಡಿದು ಕ್ರಮವಾಗಿ ಬನ್ನಿ. ಪ್ವಾರೋ ಥರ ನಿಂತಲ್ಲೇ ನಿಲ್ಲದೆ ಇವರಿಬ್ಬರಿಗೂ ವಯಸ್ಸಾಗ್ತಾ ಹೋಗತ್ತೆ, ಆ ಸಲುಗೆಯಲ್ಲಿ ಕೊನೆಯದನ್ನೂ ಸಹಿಸಿಕೊಳ್ಳಬಹುದು.

ವಯಸ್ಸಾದ ಕ್ರಿಸ್ಟಿ ಅಂದ ಮಾತ್ರಕ್ಕೆ ಎಲ್ಲ ಜೊಳ್ಳಲ್ಲ. ‘ಎಂಡ್‌ಲೆಸ್ ನೈಟ್’ 1967ರದ್ದು, ಅವರ ಎಪ್ಪತ್ತೇಳನೇ ವಯಸ್ಸಿನ ಹೊತ್ತಿಗೆ ಪ್ರಕಟವಾಗಿದ್ದು, ಅವರ ಅತ್ಯುತ್ತಮ ಹತ್ತರಲ್ಲಿ ನಾನು ಸೇರಿಸ್ತೀನಿ. 1971ರ ‘ನೆಮಿಸಿಸ್’ ನಿಧಾನ, ಆದರೆ ಹಿಡಿತ ತಪ್ಪಿಲ್ಲ. ಅದಕ್ಕೂ ಮೊದಲು 1964ರ ‘ಎ ಕೆರಿಬಿಯನ್ ಮಿಸ್ಟರಿ’ ಓದಿರಬೇಕು, ಇಲ್ಲದಿದ್ದರೆ ‘ನೆಮಿಸಿಸ್’ನಲ್ಲಿ ಮಾತಿಗೆ ಬರೋ ರಾಫಿಯಲ್ ಯಾರು ಅನ್ನೋದೇ ತಿಳಿಯಲ್ಲ. 1970ರ ‘ಪ್ಯಾಸೆಂಜರ್ ಟು ಫ್ರಾಂಕ್‌ಫರ್ಟ್’ ಬಿಟ್ಟರೂ ನಷ್ಟ ಇಲ್ಲ. ‘ಕರ್ಟನ್’ ಪ್ವಾರೋನ ಕೊನೆಯದು, 1920ರ ಮೊದಲ ಪುಸ್ತಕದ ಸ್ಟೈಲ್ಸ್ ಮನೆಗೇ ವಾಪಸ್ ಹೋಗತ್ತೆ. ಅದನ್ನು ಕಡೆಗೆ ಇಟ್ಕೊಳ್ಳಿ.

ಶೇಷಪತ್ರ

ಗುಬ್ಬಿಗೂಡು, ಒಪ್ಪಿದೆ, ಕೈ ಜಾರಿತು.

ಮಾತು ಮುದ್ರಿಸಿಕೊಳ್ಳೋ ಡಿಕ್ಟಾಫೋನ್ ಯಂತ್ರಕ್ಕೆ ಹೇಳಿ ಬರೆಸಿದ್ದಕ್ಕೆ ಹೀಗಾಯ್ತು ಅಂತ ಕೆಲವರು ವಾದಿಸ್ತಾರೆ. ಆದರೆ 1952ರಲ್ಲಿ ಮಣಿಕಟ್ಟು ಮುರಿದಾಗಲೇ ಕ್ರಿಸ್ಟಿ ಅದನ್ನು ಬಳಸೋಕೆ ಶುರು ಮಾಡಿದ್ದರು, ಅದಾದಮೇಲೂ ಬಿಗಿಯಾದ ಪುಸ್ತಕಗಳು ಬಂದವು. ಯಂತ್ರದ ಮೇಲೆ ಹೊರಿಸಿ ಪ್ರಯೋಜನ ಇಲ್ಲ. ಟೊರಾಂಟೋ ವಿಶ್ವವಿದ್ಯಾಲಯದ ಇಯಾನ್ ಲ್ಯಾಂಕಶೈರ್, ಗ್ರೇಮ್ ಹರ್ಸ್ಟ್ 2009ರಲ್ಲಿ ಅವರ ಕಾದಂಬರಿಗಳ ಮೊದಲ 50,000 ಪದಗಳನ್ನು ಎಣಿಸಿ ಹೋಲಿಸಿದರು. ಅರವತ್ಮೂರರ ವಯಸ್ಸಿನಲ್ಲಿ ಬರೆದ ‘ಡೆಸ್ಟಿನೇಷನ್ ಅನ್‌ನೋನ್’ಗೆ ಹೋಲಿಸಿದರೆ ಈ ಆನೆ ಪುಸ್ತಕದಲ್ಲಿ ಬೇರೆ ಬೇರೆ ಪದಗಳ ಸಂಖ್ಯೆ ಸುಮಾರು ಶೇ. 30ರಷ್ಟು ಇಳಿದಿದೆ. ‘ಥಿಂಗ್’, ‘ಸಂಥಿಂಗ್’ ಥರದ ಹಾರಿಕೆ ಪದಗಳು ಮೂರು ಪಟ್ಟಿನ ಹತ್ತಿರ ಬಂದಿವೆ. ನೆನಪಿನ ಶಕ್ತಿ ಕುಂದುತ್ತಿದ್ದ ಲಕ್ಷಣ ಇರಬಹುದು ಅನ್ನೋದು ಅವರ ಊಹೆ. ಕ್ರಿಸ್ಟಿ ಬದುಕಿದ್ದಾಗ ವೈದ್ಯರು ಅಂಥ ಕಾಯಿಲೆಯ ಹೆಸರು ಹೇಳಿರಲಿಲ್ಲ, ಹಾಗಾಗಿ ಅದನ್ನು ಊಹೆಯಾಗಿಯೇ ಇಟ್ಕೋಬೇಕು.

ಕಪಾಟಿನಂಚು

‘ಪೋಸ್ಟರ್ನ್’ ಕಪಾಟಿಗೆ ವಾಪಸ್, ‘ಎಂಡ್‌ಲೆಸ್ ನೈಟ್’ ಹೊರಗೆ. ಬಾಗಿಲಾಚೆಯ ಮಾತನ್ನು ಮರೆತಮೇಲೆ ‘ಫೈವ್ ಲಿಟಲ್ ಪಿಗ್ಸ್’. ಆನೆ ಪುಸ್ತಕದ ಕಾರ್ಡ್‌ನಲ್ಲಿ ಈಗಾಗಲೇ ಆರು ಪ್ರಶ್ನೆಚಿಹ್ನೆ ಬಿದ್ದಿವೆ, ಪ್ವಾರೋ ಎತ್ತಿಕೊಂಡಿದ್ದು ಎರಡನ್ನು.