ಹೊಸ ನಕ್ಷೆ ಎಪಿಐನಲ್ಲಿ ಸೆಕ್ಟರ್, ರಸ್ತೆಯ ಹೆಸರು ಬರುತ್ತಿಲ್ಲ: ಅನುಭವವಿದ್ದವರು ತಿಳಿಸಿರಿ

ಪ್ರಶ್ನೆ (ಬಾಗಲಕೋಟೆ): ಮನೆಗಳಿಗೆ ಔಷಧ ತಲುಪಿಸುವ ಅಂಗಡಿಯೊಂದಕ್ಕೆ ಆ್ಯಪ್ ಮಾಡಿಕೊಟ್ಟಿದ್ದೇನೆ. ನಕ್ಷೆ ಕಂಪನಿಯ ಹಳೆಯ ಎಪಿಐಗೆ (ನಮ್ಮ ಆ್ಯಪ್ ಅವರ ಸರ್ವರ್‌ನಿಂದ ಮಾಹಿತಿ ಕೇಳಿ ಪಡೆಯುವ ವ್ಯವಸ್ಥೆ) ಅಕ್ಷಾಂಶ, ರೇಖಾಂಶ ಕಳುಹಿಸಿದರೆ ಸೆಕ್ಟರ್, ರಸ್ತೆ, ಪಿನ್ ಕೋಡ್ ಎಲ್ಲವೂ ಬರುತ್ತಿದ್ದವು. ಅದನ್ನು ನಿಲ್ಲಿಸುತ್ತಾರೆಂದು ಹೊಸದಕ್ಕೆ ಬದಲಾಯಿಸಿದ ಮೇಲೆ ‘ಬಾಗಲಕೋಟೆ, ಕರ್ನಾಟಕ’ ಎಂದಷ್ಟೇ ಬರುತ್ತಿದೆ. ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ನವನಗರದಲ್ಲಿ ವಿಳಾಸವೆಂದರೆ ಸೆಕ್ಟರ್ ಸಂಖ್ಯೆ. ಅದಿಲ್ಲದೆ ಹುಡುಗರು ಪ್ರತಿ ಆರ್ಡರಿಗೂ ಫೋನ್ ಮಾಡಿ ಕೇಳುವಂತಾಗಿದೆ. ಏನು ಮಾಡಬಹುದು?

ಉತ್ತರ (ವಿಜಯಪುರ): ಸರ್, ವಿವರ ನಿಜವಾಗಿಯೂ ಇಲ್ಲವೋ, ತಾವು ಕೇಳಿಲ್ಲವೋ ಎಂಬುದನ್ನು ಮೊದಲು ನೋಡಿರಿ. ಹಳೆಯ ಎಪಿಐಗಳು ಕೇಳದಿದ್ದರೂ ಎಲ್ಲವನ್ನೂ ಸುರಿಯುತ್ತಿದ್ದವು. ಹೊಸ ಕೆಲವು, ಯಾವ ಯಾವ ಫೀಲ್ಡ್ (ರಸ್ತೆ, ಪಿನ್ ಕೋಡ್‌ನಂತಹ ಒಂದೊಂದು ವಿವರ) ಬೇಕೆಂದು ಹೆಸರಿಸಿದರೆ ಮಾತ್ರ ಅಷ್ಟನ್ನೇ ಕೊಡುತ್ತವೆ, ಕೇಳಿದ ಫೀಲ್ಡಿಗೆ ತಕ್ಕಂತೆ ದರವೂ ಏರುತ್ತದೆ. ಎಪಿಐ ಬಳಸುವ ಬಗೆಯ ವಿವರಣೆಯನ್ನು ಓದದೆ ಕಂಪನಿಯವರನ್ನು ಬೈಯುತ್ತ ನಾನು ಎರಡು ದಿನ ಕಳೆದಿದ್ದೆ.

ಆದರೆ ಫೀಲ್ಡ್ ಕೇಳಿದ ಮೇಲೂ ನನ್ನ ಕೆಲಸ ಮುಗಿಯಲಿಲ್ಲ. ದ್ರಾಕ್ಷಿ ತೋಟಗಳಿಗೆ ಹನಿ ನೀರಾವರಿ ದುರಸ್ತಿಯವರನ್ನು ಕಳುಹಿಸುವ ಆ್ಯಪ್ ನನ್ನದು. ತಿಕೋಟಾ ಕಡೆಯ ರೈತರು ಊರಿನಲ್ಲಿರದೆ ತೋಟದ ವಸ್ತಿಗಳಲ್ಲಿರುತ್ತಾರೆ, ಆ ವಸ್ತಿಯ ಹೆಸರು ಅಕ್ಕಪಕ್ಕದವರಿಗೆ ಗೊತ್ತೇ ಹೊರತು ನಕ್ಷೆಗೆ ಗೊತ್ತಿಲ್ಲ. ಹೀಗಾಗಿ ಮೊದಲ ಸಲ ಹೋದ ದುರಸ್ತಿಯವರು ಅಲ್ಲಿಯೇ ನಿಂತು ಆ್ಯಪಿನ ನಕ್ಷೆಯಲ್ಲಿ ಸ್ಥಳವನ್ನು ಒತ್ತಿ, ರೈತರು ಹೇಳಿದ ಹೆಸರನ್ನೇ ಬರೆಯುವಂತೆ ಮಾಡಿದೆ. ಎಪಿಐ ಕೊಟ್ಟ ವಿಳಾಸವನ್ನು ಕೂಡಿಡಲು ಅನೇಕ ಕಂಪನಿಗಳ ಷರತ್ತುಗಳು ಬಿಡುವುದಿಲ್ಲ. ನಾವೇ ಕೇಳಿ ಬರೆದುಕೊಂಡದ್ದಕ್ಕೆ ಆ ತಂಟೆಯಿಲ್ಲ. ಅಕ್ಷಾಂಶದಲ್ಲಿ ದಶಮಾಂಶದ ನಂತರ 5 ಅಂಕಿಗಳನ್ನಾದರೂ ಉಳಿಸಿಕೊಳ್ಳಿರಿ, ಅದು ಸುಮಾರು 1 ಮೀಟರ್‌ನಷ್ಟು ನಿಖರ. ನಾನು 3ಕ್ಕೆ ಮೊಟಕು ಮಾಡಿದ್ದಾಗ ನೂರು ಮೀಟರ್‌ನಷ್ಟು ವ್ಯತ್ಯಾಸವಾಗಿ ಪಕ್ಕದವರ ತೋಟಕ್ಕೆ ಹೋದದ್ದುಂಟು. ಊರಿನ ಹೆಸರನ್ನು ಹೋಲಿಸಿ ದಾಖಲೆ ಹುಡುಕಬೇಡಿರಿ: 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ತಿಕೋಟಾ ನಂತರ ತಾಲ್ಲೂಕಾಯಿತು, ಹಳೆಯ ದತ್ತಾಂಶದಲ್ಲಿ ಹಳೆಯ ಹೆಸರು, ಹಳೆಯ ತಾಲ್ಲೂಕೇ ಉಳಿದಿವೆ.

ಉತ್ತರ (ಬೆಳಗಾವಿ): ಗ್ರಾಹಕರ ಫೋನಿನ ಅನುಮತಿಯನ್ನೂ ನೋಡಿರಿ. ಆಂಡ್ರಾಯ್ಡ್ 12ರಿಂದ ‘ಅಂದಾಜು ಸ್ಥಳ’ವನ್ನಷ್ಟೇ ಕೊಡುವ ಅವಕಾಶವಿದ್ದು, ಅದನ್ನು ಒತ್ತಿದವರಿಗೆ ಯಾವ ಎಪಿಐ ಕೂಡ ಸರಿಯಾದ ಸೆಕ್ಟರ್ ಹೇಳಲಾರದು. ನವನಗರ ಯೋಜಿಸಿ ಕಟ್ಟಿದ ಊರಾದ್ದರಿಂದ ಸೆಕ್ಟರ್‌ಗಳ ಗಡಿಯನ್ನು ತಾವೇ ಗುರುತಿಸಿ ಜಿಯೋಜೇಸನ್ (ನಕ್ಷೆಯ ಬಿಂದು, ಗಡಿಗಳನ್ನು ಬರೆದಿಡುವ ಮಾದರಿ) ಕಡತದಲ್ಲಿಟ್ಟರೆ, ಬಿಂದು ಯಾವ ಗಡಿಯೊಳಗಿದೆ ಎಂಬುದನ್ನು ತಮ್ಮ ಸರ್ವರ್ ಹೇಳುತ್ತದೆ. ಎಲ್ಲರೂ ಬಳಸಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಿಂದ ವಿಳಾಸ ಹುಡುಕಿಕೊಡುವ ನಾಮಿನಾಟಿಮ್ ಕೂಡ ಇದೆ. ಅದರ ಸಾರ್ವಜನಿಕ ಸರ್ವರ್‌ಗೆ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಕೋರಿಕೆ ಕಳುಹಿಸುವಂತಿಲ್ಲ. ಅಂಚೆ ಇಲಾಖೆಯ ಡಿಜಿಪಿನ್ ಸುಮಾರು 4 ಮೀಟರ್ ಚೌಕಕ್ಕೊಂದು 10 ಅಕ್ಷರಗಳ ಸಂಕೇತ ಕೊಡುತ್ತದೆ, ಆದರೆ ಅದನ್ನು ಓದಿ ಹೇಳಿದರೆ ದಾರಿ ತೋರಿಸುವವರು ಸದ್ಯಕ್ಕೆ ಯಾರೂ ಇಲ್ಲ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಫೀಲ್ಡ್ ಹೆಸರಿಸಿದ ಮೇಲೆ ರಸ್ತೆ ಮತ್ತು ಪಿನ್ ಕೋಡ್ ಬಂದವು, ಸೆಕ್ಟರ್ ಮಾತ್ರ ಕೆಲವು ಕಡೆ ಬರುತ್ತದೆ, ಕೆಲವು ಕಡೆ ಇಲ್ಲ. ಗಡಿಗಳನ್ನು ಗುರುತಿಸಲು ಆರಂಭಿಸಿದ್ದೇನೆ. ಅದು ಮುಗಿಯುವವರೆಗೆ ಆರ್ಡರ್ ಪುಟದಲ್ಲಿ ಸೆಕ್ಟರ್ ಸಂಖ್ಯೆಯನ್ನು ಗ್ರಾಹಕರೇ ಆರಿಸುವಂತೆ ಮಾಡಿದ್ದೇನೆ.