ಬಿಸಿಲಿನಾಗ ಮೀಟರಿಗೆ 868 ವೋಲ್ಟ್ ಇದ್ರೂ ಮಲ್ಟಿಮೀಟರ್ ಯಾಕ ಸೊನ್ನೆ ತೋರಿಸ್ತದ?

ತೊಗರಿ_ನಾಡು (ಕಲಬುರಗಿ)

ಬಿಎಸ್ಸಿ ವಿದ್ಯುತ್ಕಾಂತೀಯ ತರಂಗದ ಪಾಠದಾಗ ಸಿಕ್ಕೊಂಡೀನಿ. ನಮ್ಮೂರ ಮಧ್ಯಾಹ್ನದ ಬಿಸಿಲಿಗೆ ಚದರ ಮೀಟರಿಗೆ 1000 ವ್ಯಾಟ್ ಹಿಡಿದ್ರ ವಿದ್ಯುತ್ ಕ್ಷೇತ್ರದ ಪೀಕ್ ಮೀಟರಿಗೆ 868 ವೋಲ್ಟ್ ಬರ್ತದ, ಕಾಂತಕ್ಷೇತ್ರದ್ದು ಬರೀ 2.9 ಮೈಕ್ರೋಟೆಸ್ಲಾ. ಹಂಗಿದ್ರ ಮಾಳಗಿ ಮ್ಯಾಲ ಒಂದು ಮೀಟರ್ ತಂತಿ ಹಿಡಿದ್ರ ಮಲ್ಟಿಮೀಟರ್ ಯಾಕ ಏನೂ ತೋರ್ಸಂಗಿಲ್ಲ? ಕಾಂತಕ್ಷೇತ್ರ ಇಷ್ಟು ಸಣ್ಣದಿದ್ರೂ ಎರಡರ ಶಕ್ತಿ ಸಮ ಅಂತಾರ, ಅದು ಹ್ಯಾಂಗ? ಮತ್ತ ಎರಡೂ ಒಟ್ಟಿಗೆ ಸೊನ್ನೆ ಆಗ್ತಾವಲ್ಲ, ಆ ಕ್ಷಣ ಶಕ್ತಿ ಎಲ್ಲಿ ಹೋಗ್ತದ? ಎಲ್‌ಸಿ (ಕಾಯಿಲ್, ಕೆಪಾಸಿಟರ್ ಜೋಡಿಸಿದ) ಸರ್ಕಿಟ್‌ನಾಗ ಒಂದು ಸೊನ್ನೆ ಆದಾಗ ಇನ್ನೊಂದು ಪೂರ್ತಿ ಇರ್ತದ. ತಿಳಿದವರು ಹೇಳ್ರಿ.

ಕೋಟೆ_ಬಾಗಿಲು (ಬೀದರ್)

868 ಸರಿಯಾಗಿದೆ. 1000ವನ್ನು 2ರಿಂದ, ಆಮೇಲೆ ನಿರ್ವಾತದ ಇಂಪೀಡೆನ್ಸ್ (ಅಲೆಗೆ ಅದು ಒಡ್ಡುವ ತಡೆ) 377 ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಬೇಕು. ಆ 2 ಮರೆತರೆ 614 ಬರುತ್ತದೆ. ಅದು ಆರ್‌ಎಂಎಸ್ ಬೆಲೆ (ವರ್ಗಗಳ ಸರಾಸರಿಯ ವರ್ಗಮೂಲ). 614 ಬರೆದು ಪೀಕ್ ಅಂದರೆ ಅಂಕ ಹೋಯಿತು.

ಈಗ ಮಲ್ಟಿಮೀಟರ್. 550 ನ್ಯಾನೋಮೀಟರಿನ ಹಸಿರು ಬೆಳಕಿನ ಆವೃತ್ತಿ 5.45×10¹⁴ ಹರ್ಟ್ಸ್. ಸಾಮಾನ್ಯ ಮಲ್ಟಿಮೀಟರಿನ ಎಸಿ ರೇಂಜ್ ಕೆಲವು ನೂರು ಹರ್ಟ್ಸ್ ದಾಟಿದರೇ ನಂಬುವಂತಿಲ್ಲ. ಆದರೆ ನಿಜವಾದ ಕಾರಣ ಅದಲ್ಲ, ಎಂಥ ಮೀಟರ್ ತಂದರೂ ನಿಮಗೆ 868 ವೋಲ್ಟ್ ಸಿಗುವುದಿಲ್ಲ. ಕ್ಷೇತ್ರವನ್ನು ಉದ್ದದಿಂದ ಗುಣಿಸಬೇಕಾದರೆ ಆ ಉದ್ದದುದ್ದಕ್ಕೂ ಅದು ಒಂದೇ ದಿಕ್ಕಿಗೆ, ಒಂದೇ ಫೇಸ್‌ನಲ್ಲಿ (ಏರಿಳಿತ ಒಟ್ಟಿಗೇ ಆಗುವಂತೆ) ಇರಬೇಕು. ಬಿಸಿಲು ಹಾಗಿಲ್ಲ. ಸೂರ್ಯನ ಅಸಂಖ್ಯ ಪರಮಾಣುಗಳು ತಮ್ಮ ಪಾಡಿಗೆ ಬಿಟ್ಟ, ಎಲ್ಲ ಬಣ್ಣದ, ಎಲ್ಲ ಧ್ರುವೀಕರಣದ (ಕಂಪನದ ದಿಕ್ಕಿನ) ಅಲೆಗಳ ಮಿಶ್ರಣ ಅದು. ಮೀಟರ್ ಉದ್ದದ ತಂತಿಯ ಒಂದು ತುದಿಯ ಕ್ಷೇತ್ರಕ್ಕೂ ಇನ್ನೊಂದು ತುದಿಯದಕ್ಕೂ ಸಂಬಂಧವೇ ಇರುವುದಿಲ್ಲ, ಕೂಡಿಸಿದರೆ ಒಂದನ್ನೊಂದು ಹೊಡೆದುಹಾಕುತ್ತವೆ. ಅರ್ಧ ತರಂಗಾಂತರ, ಅಂದರೆ 275 ನ್ಯಾನೋಮೀಟರ್ ಮಾತ್ರ ತೆಗೆದುಕೊಂಡರೆ 868 × 275×10⁻⁹, ಹೆಚ್ಚೆಂದರೆ 0.24 ಮಿಲಿವೋಲ್ಟ್. ಅದೇ 100 ಮೆಗಾಹರ್ಟ್ಸ್ ಎಫ್‌ಎಂ ಅಲೆಗೆ ತರಂಗಾಂತರ 3 ಮೀಟರ್, ಅದಕ್ಕೇ ಒಂದೂವರೆ ಮೀಟರಿನ ಆಂಟೆನಾ ಕೆಲಸ ಮಾಡುತ್ತದೆ. 868 ಅನ್ನುವುದು, ಇದೇ ತೀವ್ರತೆಯ ಒಂದೇ ಬಣ್ಣದ ಶುದ್ಧ ಅಲೆಯಿದ್ದರೆ ಅದರ ಪೀಕ್ ಎಷ್ಟಿರುತ್ತಿತ್ತು ಎಂಬ ಲೆಕ್ಕ, ಅಷ್ಟೇ.

ಎರಡರ ಶಕ್ತಿ ಸಮವೇ ಅನ್ನುವುದಕ್ಕೆ ಸಂಖ್ಯೆ ಹಾಕಿ ನೋಡಿ. ವಿದ್ಯುತ್ ಭಾಗ: ½ × 8.85×10⁻¹² (ನಿರ್ವಾತದ ವಿದ್ಯುತ್ ಸ್ಥಿರಾಂಕ) × 868² = 3.3×10⁻⁶ ಜೂಲ್ ಪ್ರತಿ ಘನಮೀಟರ್. ಕಾಂತ ಭಾಗ: 2.9×10⁻⁶ರ ವರ್ಗವನ್ನು 2.51×10⁻⁶ರಿಂದ (ನಿರ್ವಾತದ ಕಾಂತ ಸ್ಥಿರಾಂಕದ ಎರಡು ಪಟ್ಟು) ಭಾಗಿಸಿದರೆ ಅದೇ 3.3×10⁻⁶. ವೋಲ್ಟ್ ಪ್ರತಿ ಮೀಟರನ್ನೂ ಟೆಸ್ಲಾವನ್ನೂ ಅಕ್ಕಪಕ್ಕ ಇಟ್ಟು ದೊಡ್ಡದು, ಸಣ್ಣದು ಅನ್ನುವುದಕ್ಕೆ ಅರ್ಥವಿಲ್ಲ. ಕಾಂತಕ್ಷೇತ್ರವನ್ನು ಬೆಳಕಿನ ವೇಗದಿಂದ ಗುಣಿಸಿ ಆಮೇಲೆ ಹೋಲಿಸಬೇಕು. ಎಲೆಕ್ಟ್ರಾನ್ ಮೇಲಿನ ಬಲ ಮಾತ್ರ ನಿಜಕ್ಕೂ ಅಸಮ, ಕಾಂತಬಲವು ವಿದ್ಯುತ್ ಬಲದ (ಎಲೆಕ್ಟ್ರಾನ್ ವೇಗ ÷ ಬೆಳಕಿನ ವೇಗ) ಪಟ್ಟಿಗಿಂತ ಹೆಚ್ಚಾಗಲಾರದು. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರವೇ ಸುಮಾರು 40 ಮೈಕ್ರೋಟೆಸ್ಲಾ, ಬಿಸಿಲಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಆದರೆ ಅದು ನಿಂತ ಕ್ಷೇತ್ರ, ಶಕ್ತಿಯನ್ನು ಎಲ್ಲಿಗೂ ಒಯ್ಯುವುದಿಲ್ಲ.

ಭೀಮಾ_ದಂಡಿ (ಯಾದಗಿರಿ)

ಮೂರನೇದಕ್ಕ ನಾ ಹೇಳ್ತೀನಿ. ಶಕ್ತಿ ಮಾಯ ಆಗಂಗಿಲ್ಲ, ಮುಂದಕ್ಕ ಹೋಗಿರ್ತದ. ಎರಡೂ ಸೊನ್ನೆ ಇರೋದು ಆ ಒಂದು ಜಾಗದಾಗ. ಅದೇ ಕ್ಷಣಕ್ಕ ಕಾಲು ತರಂಗಾಂತರ ಮುಂದ ಎರಡೂ ಪೀಕ್‌ನಾಗ ಇರ್ತಾವ. ಎಲ್‌ಸಿ ಸರ್ಕಿಟ್‌ನಾಗ ಶಕ್ತಿ ಹೊರಗ ಹರಿಯಂಗಿಲ್ಲ, ಹಂಗಾಗಿ ಅಲ್ಲೇ ಅದಲು ಬದಲು ಆಗ್ತದ.

ಒಂದೇ ಫೇಸ್ ಯಾಕ ಅಂತ ಫ್ಯಾರಡೆ ನಿಯಮದಿಂದ ತೆಗೀರಿ. ವಿದ್ಯುತ್ ಕ್ಷೇತ್ರಕ್ಕ ಕೊಸೈನ್ ಹಾಕಿ, ದೂರದ ಮ್ಯಾಲ ಡಿಫರೆನ್ಷಿಯೇಟ್ ಮಾಡ್ರಿ, ಸೈನ್ ಬರ್ತದ. ಭಾಳ ಮಂದಿ ಇಲ್ಲೇ ನಿಂತು 90 ಡಿಗ್ರಿ ವ್ಯತ್ಯಾಸ ಅಂತ ಬರೀತಾರ. ಆ ಸೈನ್ ಕಾಂತಕ್ಷೇತ್ರ ಅಲ್ಲ, ಅದು ಕಾಂತಕ್ಷೇತ್ರ ಹೊತ್ತಿನ ಜೋಡಿ ಬದಲಾಗೋ ದರ. ಕಾಲದ ಮ್ಯಾಲ ಇಂಟಿಗ್ರೇಟ್ ಮಾಡಿದ್ರ ತಿರುಗಿ ಕೊಸೈನ್.

ನೀವು ಹೇಳೋ ಎಲ್‌ಸಿ ಥರದ್ದು ಸ್ಥಾಯಿ ತರಂಗದಾಗ (ಮುಂದ ಸಾಗದ, ನಿಂತಲ್ಲೇ ಏರಿಳಿಯೋ ಅಲೆ) ಖರೆ ಆಗ್ತದ. ಕನ್ನಡಿಗೆ ನೇರ ಬಡಿದು ವಾಪಸ್ ಬಂದ ಅಲೆ ಕೂಡಿಸ್ರಿ: ವಿದ್ಯುತ್ ಕ್ಷೇತ್ರ ಸೈನ್ × ಸೈನ್, ಕಾಂತಕ್ಷೇತ್ರ ಕೊಸೈನ್ × ಕೊಸೈನ್. ಕನ್ನಡಿ ಮ್ಯಾಲ ವಿದ್ಯುತ್ ಸೊನ್ನೆ, ಕಾಂತ ಇಮ್ಮಡಿ. ವಾಪಸ್ ಬರೋ ಅಲೆಯ ಕಾಂತಕ್ಷೇತ್ರದ ಚಿಹ್ನೆ ತಿರುವೋದು ಮರೀಬ್ಯಾಡ್ರಿ, ಮರೆತ್ರ ಎರಡೂ ಕನ್ನಡಿ ಮ್ಯಾಲ ಸೊನ್ನೆ ಆಗಿ ಲೆಕ್ಕ ಕೆಡ್ತದ.

ತೊಗರಿ_ನಾಡು (ಕಲಬುರಗಿ)

ಚಿಹ್ನೆನೇ ತಿರುವಿರಲಿಲ್ಲ ನಾನು. ಮಾಳಗಿ ಮ್ಯಾಲಿನ ಸೋಲಾರ್ ಮೀಟರ್ (ಚದರ ಮೀಟರಿಗೆ ಎಷ್ಟು ವ್ಯಾಟ್ ಬಿಸಿಲು ಅಂತ ತೋರ್ಸೋದು) ಓದಿ ಅದರಿಂದ 868 ಥರದ ಬೆಲೆ ತೆಗೀಬಹುದೇನ್ರಿ?

ಕೋಟೆ_ಬಾಗಿಲು (ಬೀದರ್)

ಸೆನ್ಸರನ್ನು ಸೂರ್ಯನಿಗೆ ನೇರ ಎದುರು ತಿರುಗಿಸಿದರೆ ಮಾತ್ರ. ಕಲಬುರಗಿ ಇರುವುದು 17.3 ಡಿಗ್ರಿ ಉತ್ತರದಲ್ಲಿ. ಮೇ 9ರ ಆಸುಪಾಸಿನಲ್ಲಿ ನಡುಹಗಲಿಗೆ ಸೂರ್ಯ ನೆತ್ತಿಯ ಮೇಲಿರುವಾಗ ಮಟ್ಟಸವಾಗಿ ಇಟ್ಟರೂ ನಡೆಯುತ್ತದೆ. ಡಿಸೆಂಬರ್ 22ರ ಆಸುಪಾಸಿನಲ್ಲಿ ನಡುಹಗಲಲ್ಲೂ ಸೂರ್ಯ ನೆತ್ತಿಯಿಂದ 40.7 ಡಿಗ್ರಿ ಕೆಳಗಿರುತ್ತಾನೆ. ಕಿರಣದ ತೀವ್ರತೆ 1000 ಇದ್ದರೂ ಮಟ್ಟಸ ಮೀಟರ್ 758 ತೋರಿಸುತ್ತದೆ, ನಿಮ್ಮ ಕ್ಷೇತ್ರ 756 ಎಂದು ತಪ್ಪು ಬರುತ್ತದೆ. ಓದನ್ನು ಮೊದಲು ಆ ಕೋನದ ಕೊಸೈನ್‌ನಿಂದ ಭಾಗಿಸಿ, ಆಮೇಲೆ ವರ್ಗಮೂಲಕ್ಕೆ ಹೋಗಿ. ಇದೂ ಮೋಡ, ಧೂಳು ಇಲ್ಲದ ದಿನಕ್ಕೆ. ಚದುರಿದ ಬೆಳಕು ಎಲ್ಲ ಕಡೆಯಿಂದ ಬರುವುದರಿಂದ ಅದಕ್ಕೆ ಈ ಕೊಸೈನ್ ಹೊಂದುವುದಿಲ್ಲ.