ಒಂದೇ ಕೊಳದಲ್ಲಿ ಮೀನು, ಬಾತುಕೋಳಿ: ಸಾಕಿದವರ ಅನುಭವ

ಪ್ರಶ್ನೆ

ಮನೆ ಹಿಂದೆ 20 ಅಡಿ ಉದ್ದ, 15 ಅಡಿ ಅಗಲ, 3 ಅಡಿ ಆಳದ ಕೊಳ ಇದೆ. ತಳಕ್ಕೆ ಪ್ಲಾಸ್ಟಿಕ್ ಶೀಟ್ ಹಾಸಿದ್ದೇವೆ. ಎರಡು ವರ್ಷದಿಂದ ಗೋಲ್ಡ್‌ಫಿಶ್ ಮತ್ತು ನಾಲ್ಕು ಕೊಯ್ ಮೀನು ಚೆನ್ನಾಗಿವೆ. ಈಗ ಆರು ಬಾತುಮರಿ ತರಬೇಕು ಅಂತ ಮಕ್ಕಳ ಹಠ. ನನಗೂ ಆಸೆ ಇದೆ, ಸುಳ್ಳು ಯಾಕೆ ಹೇಳಲಿ. ಬಾತುಗಳು ಮೀನನ್ನು ತಿಂದುಬಿಡುತ್ತವಾ? ಎರಡನ್ನೂ ಒಟ್ಟಿಗೆ ಸಾಕಿದವರು ಇದ್ದರೆ ದಯವಿಟ್ಟು ಹೇಳಿ. ಓದಿ ಹೇಳುವುದಕ್ಕಿಂತ ಮಾಡಿ ನೋಡಿದವರ ಮಾತು ಬೇಕು.

ಉತ್ತರ

ತಿನ್ನುವ ಚಿಂತೆ ಆಮೇಲೆ ಮಾಡೋಣ. ನಿಮ್ಮ ಕೊಯ್ ದೊಡ್ಡವಾಗಿದ್ದರೆ ಬಾತು ಅವುಗಳ ತಂಟೆಗೆ ಹೋಗುವುದಿಲ್ಲ. ನಿಜವಾದ ತೊಂದರೆ ಹಿಕ್ಕೆಯದು.

ನಾನು ಇದೇ ತಪ್ಪು ಮಾಡಿದವನು. ಹೆಚ್ಚುಕಡಿಮೆ ನಿಮ್ಮಷ್ಟೇ ದೊಡ್ಡ ಕೊಳ, ಐದು ಬಾತು. ಮೊದಲ ತಿಂಗಳು ನೋಡುವುದಕ್ಕೆ ಎಷ್ಟು ಚೆಂದ ಅಂತೀರಿ! ಎರಡನೇ ತಿಂಗಳಿಗೆ ನೀರು ಹಸಿರು. ಮೂರನೇ ತಿಂಗಳಲ್ಲಿ ಎರಡು ದಿನ ಮೋಡ ಕವಿದಿತ್ತು. ಮೂರನೇ ದಿನ ಬೆಳಗಿನ ಜಾವ ಎದ್ದು ನೋಡಿದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಹತ್ತಿರ ಹೋದರೂ ಕೆಳಗೆ ಇಳಿಯಲಿಲ್ಲ. ಒಂದು ಆಗಲೇ ಪಕ್ಕಕ್ಕೆ ವಾಲಿತ್ತು. ಬಾತುಗಳು ಮಾತ್ರ ಏನೂ ಆಗದವರ ಹಾಗೆ ಅದರ ಮೇಲೇ ಈಜುತ್ತಿದ್ದವು.

ಆಗಿದ್ದು ಇಷ್ಟು. ಹಿಕ್ಕೆ ಪಾಚಿಗೆ ಒಳ್ಳೆ ಗೊಬ್ಬರ. ಪಾಚಿ ಹಗಲು ಬಿಸಿಲಿನಲ್ಲಿ ನೀರಿಗೆ ಆಮ್ಲಜನಕ ಬಿಡುತ್ತದೆ, ಆದರೆ ರಾತ್ರಿ ಅದೂ ಉಸಿರಾಡುತ್ತದೆ. ತಳದಲ್ಲಿ ಕೊಳೆಯುವ ಹೂಳಿಗೂ ಆಮ್ಲಜನಕ ಬೇಕು. ಬೆಳಗಾಗುವ ಮುಂಚೆ ನೀರಿನಲ್ಲಿ ಉಳಿದಿರುವುದು ತೀರಾ ಕಡಿಮೆ. ಮೋಡ ಇದ್ದರೆ ಹಗಲಿನ ಸಂಪಾದನೆಯೂ ಇಲ್ಲ. ಅದರ ಮೇಲೆ ನೀರು ಬಿಸಿಯಾದಷ್ಟೂ ಆಮ್ಲಜನಕ ಹಿಡಿದಿಡುವುದು ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಸಿದರೆ, 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ಮೀನಿಗೆ 5 ಇದ್ದರೆ ನೆಮ್ಮದಿ.

ಈಗ ನಿಮ್ಮ ಲೆಕ್ಕ ನೋಡಿ. ಒಂದು ದೊಡ್ಡ ಬಾತು ದಿನಕ್ಕೆ ಸುಮಾರು 125 ಗ್ರಾಂ ಹಿಕ್ಕೆ ಹಾಕುತ್ತದೆ. ಆರಕ್ಕೆ ಮುಕ್ಕಾಲು ಕಿಲೋ, ಪ್ರತಿದಿನ. ಮೀನು-ಬಾತು ಒಟ್ಟಿಗೆ ಸಾಕುವ ದೊಡ್ಡ ಮಣ್ಣಿನ ಹೊಂಡಗಳಲ್ಲಿ ಹೆಕ್ಟೇರಿಗೆ 200ರಿಂದ 300 ಬಾತು ಅಂತ ಲೆಕ್ಕ ಇಡುತ್ತಾರೆ. ಅಂದರೆ ಒಂದು ಬಾತಿಗೆ 33ರಿಂದ 50 ಚದರ ಮೀಟರ್ ನೀರು. ನಿಮ್ಮ ಕೊಳ 300 ಚದರ ಅಡಿ, ಸುಮಾರು 28 ಚದರ ಮೀಟರ್. ಆರು ಬಿಡಿ, ಈ ಲೆಕ್ಕದಲ್ಲಿ ಒಂದಕ್ಕೂ ಸಾಲದು.

ಹಾಗಂತ ಆಸೆ ಬಿಡಿ ಅನ್ನುತ್ತಿಲ್ಲ. ನಾನು ಈಗಲೂ ಮೂರು ಬಾತು ಸಾಕುತ್ತಿದ್ದೇನೆ, ಅದೇ ಕೊಳ, ಅದೇ ಮೀನು. ಬದಲಾಗಿದ್ದು ಅವು ನೀರಿನಲ್ಲಿ ಎಷ್ಟು ಹೊತ್ತು ಇರುತ್ತವೆ ಅನ್ನುವುದು. ಸಂಜೆ ಎರಡು ಗಂಟೆ ಮಾತ್ರ ಕೊಳ. ರಾತ್ರಿ ಕೊಳದಿಂದ ದೂರದ ಗೂಡಿನಲ್ಲಿ. ಕೆಳಗೆ ಹೊಟ್ಟು, ಒಣ ಎಲೆ ಹಾಸಿದ್ದೇನೆ. ರಾತ್ರಿಯ ಹಿಕ್ಕೆಯೆಲ್ಲ ಅಲ್ಲೇ ಬಿದ್ದು ಗಿಡಕ್ಕೆ ಹೋಗುತ್ತದೆ. ಉಳಿದ ಹೊತ್ತಿಗೆ ಒಂದು ದೊಡ್ಡ ಟಬ್. ಬಾತಿಗೆ ಈಜುವುದು ಖುಷಿ, ಆದರೆ ಬೇಕೇ ಬೇಕಾದ್ದು ತಲೆ ಪೂರ್ತಿ ಮುಳುಗಿಸಿ ಕಣ್ಣು, ಮೂಗು ತೊಳೆದುಕೊಳ್ಳುವಷ್ಟು ನೀರು. ಟಬ್ ನೀರು ದಿನಾ ಗಿಡದ ಬುಡಕ್ಕೆ ಚೆಲ್ಲುತ್ತೇನೆ. ಆ ಗಿಡಗಳನ್ನು ನೀವು ನೋಡಬೇಕು!

ಇನ್ನೊಂದು ಉತ್ತರ

ತಿನ್ನುವ ವಿಷಯಕ್ಕೆ ನಾನು ಹೇಳುತ್ತೇನೆ. ಬಾಯಿಗೆ ಹಿಡಿಸಿದ್ದನ್ನು ಬಾತು ಬಿಡುವುದಿಲ್ಲ. ನನ್ನ ಕೊಳದಲ್ಲಿದ್ದ ಗಪ್ಪಿಗಳು ಒಂದೇ ವಾರಕ್ಕೆ ಖಾಲಿ. ಗೋಲ್ಡ್‌ಫಿಶ್ ಮೊಟ್ಟೆ ಇಟ್ಟ ಗಿಡಗಳನ್ನೇ ಬೇರುಸಹಿತ ಕಿತ್ತು ಜಾಲಾಡಿದವು. 10 ಸೆಂಟಿಮೀಟರ್ ದಾಟಿದ ಮೀನನ್ನೇ ಕೊಳಕ್ಕೆ ಬಿಡಿ ಅಂತ ತಿಳಿದವರು ಹೇಳುತ್ತಾರೆ. ನನ್ನ ಅನುಭವವೂ ಅದೇ. ಅಂಗೈ ಉದ್ದದ ಮೀನು ಒಂದೂ ಹೋಗಿಲ್ಲ. ನಿಮ್ಮ ಗೋಲ್ಡ್‌ಫಿಶ್ ಮರಿ ಹಾಕಿ ಕೊಳ ತುಂಬಲಿ ಅನ್ನುವ ಯೋಚನೆ ಇದ್ದರೆ ಅದನ್ನು ಮರೆತುಬಿಡಿ.

ಮತ್ತೊಂದು ಉತ್ತರ

ಮೇಲಿನವರು ಹೆದರಿಸಿದ್ದು ಸ್ವಲ್ಪ ಜಾಸ್ತಿ ಆಯಿತು ಅಲ್ವಾ? ನನ್ನದು ಮಣ್ಣಿನ ಹೊಂಡ, ಅರ್ಧ ಎಕರೆಗೆ ಹತ್ತಿರ. ಹನ್ನೆರಡು ಬಾತು. ಫಿಲ್ಟರ್ ಇಲ್ಲ, ಪಂಪ್ ಇಲ್ಲ. ಆರು ವರ್ಷ ಆಯಿತು, ಒಂದು ದಿನವೂ ಮೀನು ಮೇಲೆ ಬಂದು ಒದ್ದಾಡಿದ್ದು ನೋಡಿಲ್ಲ. ಗೆಂಡೆ ಮೀನುಗಳಿಗೆ ನಾನು ಆಹಾರ ಹಾಕುವುದೇ ಅಪರೂಪ. ಹಿಕ್ಕೆಯಿಂದ ಬೆಳೆಯುವ ಸಣ್ಣ ಜೀವಿಗಳೇ ಅವಕ್ಕೆ ಊಟ. ಬಾತುಗಳು ಬಸವನಹುಳು, ಗೊದಮೊಟ್ಟೆ, ಸೊಳ್ಳೆ ಮರಿ ಎಲ್ಲ ತಿಂದು ಮುಗಿಸುತ್ತವೆ. ಮೀನಿಗೆ ಅಂಟುವ ಕೆಲವು ಹುಳುಗಳು ಮೊದಲು ಬೆಳೆಯುವುದೇ ಬಸವನಹುಳುವಿನ ಒಳಗೆ, ಹಾಗಾಗಿ ಅದೂ ಒಂದು ಲಾಭ. ಕೊಕ್ಕಿನಿಂದ ಅಂಚಿನ ಕೆಸರು ಕೆದಕುತ್ತಾ ಇರುತ್ತವೆ, ನೀರು ಕಲಕುತ್ತಾ ಇರುತ್ತದೆ.

ಒಪ್ಪುತ್ತೇನೆ, ನನ್ನ ಹೊಂಡ ದೊಡ್ಡದು. ಪ್ಲಾಸ್ಟಿಕ್ ಹಾಸಿದ ಸಣ್ಣ ಕೊಳದಲ್ಲಿ ಇದೇ ನಡೆಯುತ್ತದೆ ಅಂತ ಹೇಳುವುದಿಲ್ಲ.

ಒಂದು ಉಪಾಯ ಹೇಳುತ್ತೇನೆ, ಖರ್ಚಿಲ್ಲದ್ದು. ಹಗಲು ಬಿಸಿಲಿದ್ದಾಗ ನೀರಿನೊಳಗೆ ಮೊಣಕೈವರೆಗೆ ಕೈ ಇಳಿಸಿ. ಅಂಗೈ ಮಸುಕಾಗಿ ಕಂಡರೆ ಸರಿ ಇದೆ. ಮುಂಗೈ ಅರ್ಧ ಮುಳುಗುವಷ್ಟರಲ್ಲೇ ಬೆರಳು ಕಾಣದಾದರೆ ಹಸಿರು ಮಿತಿ ಮೀರಿದೆ. ಆ ದಿನ ಮೀನಿಗೆ ಆಹಾರ ನಿಲ್ಲಿಸಿ, ಬಾತುಗಳನ್ನು ಹೊರಗಿಡಿ. ಪಾಚಿ ಸಾಯಿಸುವ ಔಷಧಿ ಮಾತ್ರ ಸುರಿಯಬೇಡಿ. ಪಾಚಿ ಒಂದೇ ಸಲ ಸತ್ತು ಕೊಳೆತರೆ ಇರುವ ಆಮ್ಲಜನಕವೂ ಹೋಗುತ್ತದೆ.

ನಾಲ್ಕನೆಯವರ ಮಾತು

ಪ್ಲಾಸ್ಟಿಕ್ ಹಾಸಿದ ಕೊಳ ನನ್ನದೂ. ಮೂರು ಪಾಠ ಕಲಿತಿದ್ದೇನೆ, ಎರಡು ದುಡ್ಡು ಕೊಟ್ಟು, ಒಂದು ಪುಕ್ಕಟೆ.

ಮೊದಲನೆಯದು ಅಂಚು. ಬಾತುಗಳು ಹತ್ತಿ ಇಳಿಯುವ ಜಾಗದಲ್ಲೇ ಉಗುರು ತಾಗಿ ಶೀಟ್ ಹರಿಯಿತು. ಸುತ್ತಲಿನ ಮಣ್ಣನ್ನು ಕೊಕ್ಕಿನಿಂದ ಕೊರೆದು ಕೊರೆದು ಅಂಚೇ ಕುಸಿಯಿತು. ನೀರು ದಿನಾ ಎರಡು ಬೆರಳು ಇಳಿಯುತ್ತಿದ್ದರೂ ಬಿಸಿಲಿಗೆ ಆರುತ್ತಿದೆ ಅಂದುಕೊಂಡು ಎರಡು ವಾರ ಸುಮ್ನೆ ಇದ್ದೆ. ಈಗ ಸುತ್ತ ಚಪ್ಪಟೆ ಕಲ್ಲು ಹಾಸಿದ್ದೇನೆ. ಇಳಿಯಲು ಒಂದೇ ಕಡೆ ಹಲಗೆ, ಜಾರದ ಹಾಗೆ ಅಡ್ಡಪಟ್ಟಿ ಹೊಡೆದಿದ್ದು. ಉಳಿದ ಕಡೆ ಗಿಡ್ಡ ಬೇಲಿ.

ಎರಡನೆಯದು ಫಿಲ್ಟರ್. ಅಕ್ವೇರಿಯಂ ಅಂಗಡಿಯ ಸ್ಪಂಜಿನ ಫಿಲ್ಟರ್ ಎರಡೇ ದಿನಕ್ಕೆ ಕಟ್ಟಿಕೊಳ್ಳುತ್ತದೆ. ಪುಕ್ಕ, ಹುಲ್ಲು, ಹಿಕ್ಕೆ ಎಲ್ಲ ಸೇರಿ ಗಂಜಿ ಹಾಗೆ. ನಾನು ಮಾಡಿಕೊಂಡಿದ್ದು ಹೀಗೆ: ಪಂಪಿನಿಂದ ನೀರು ಮೊದಲು ಒಂದು ಡ್ರಮ್‌ಗೆ ಹೋಗುತ್ತದೆ. ಅಲ್ಲಿ ನಿಧಾನಕ್ಕೆ ಸುತ್ತಿ, ಭಾರದ ಕೊಳೆ ತಳಕ್ಕೆ ಕೂರುತ್ತದೆ. ಕೆಳಗಿನ ನಲ್ಲಿ ತಿರುಗಿಸಿದರೆ ಕಪ್ಪು ನೀರು ಗಿಡಕ್ಕೆ. ಮೇಲಿನ ನೀರು ಜಲ್ಲಿ ತುಂಬಿದ ತೊಟ್ಟಿಗೆ. ಅದರಲ್ಲಿ ಜೊಂಡು, ಕಾಬಾಳೆ ನೆಟ್ಟಿದ್ದೇನೆ. ಬೇರು ಗೊಬ್ಬರ ಹೀರುತ್ತದೆ, ಜಲ್ಲಿಯ ಮೇಲೆ ಕೂತ ಬ್ಯಾಕ್ಟೀರಿಯಾ ಹಿಕ್ಕೆಯಿಂದ ಬರುವ ವಿಷ ಅಮೋನಿಯಾವನ್ನು ಮೊದಲು ನೈಟ್ರೈಟ್ ಮಾಡಿ, ಆಮೇಲೆ ಮೀನಿಗೆ ಅಷ್ಟು ಕೆಡುಕಿಲ್ಲದ ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಾ ನೆಲೆ ನಿಲ್ಲಲು 4ರಿಂದ 6 ವಾರ ಬೇಕು. ಹಾಗಾಗಿ ಬಾತು ತರುವ ಮುಂಚೆಯೇ ತೊಟ್ಟಿ ಶುರುಮಾಡಿ. ತೊಟ್ಟಿಗೆ ಬಲೆ ಹೊದಿಸದಿದ್ದರೆ ನಿಮ್ಮ ಕಾಬಾಳೆ ಬಾತಿನ ಹೊಟ್ಟೆಗೆ.

ಅಮೋನಿಯಾ ಪರೀಕ್ಷೆ ಕಿಟ್ ಒಂದು ಇಟ್ಟುಕೊಳ್ಳಿ. ಬೆಳಿಗ್ಗೆ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ಹಸಿರು ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಮಧ್ಯಾಹ್ನದ ಮೇಲೆ ಏರುತ್ತದೆ, ಪಿಎಚ್ ಏರಿದರೆ ಅದೇ ಪ್ರಮಾಣದ ಅಮೋನಿಯಾ ಇನ್ನೂ ಹೆಚ್ಚು ವಿಷ. ಇದು ಗೊತ್ತಿಲ್ಲದೆ ಎರಡು ಒಳ್ಳೆಯ ಕೊಯ್ ಕಳೆದುಕೊಂಡೆ. ನೀರು ಬದಲಾಯಿಸುವಾಗ ಸ್ವಲ್ಪ ಸ್ವಲ್ಪ ಬದಲಾಯಿಸಿ, ನಲ್ಲಿ ನೀರಿನ ಕ್ಲೋರಿನ್ ತೆಗೆದೇ ಬಿಡಿ.

ಪುಕ್ಕಟೆ ಪಾಠ ಇದು. ಬಾತಿನ ಆಹಾರದ ತಟ್ಟೆ ಕೊಳದ ಪಕ್ಕ ಇಡಬೇಡಿ. ಬಾತು ಒಂದು ತುತ್ತು ತಿಂದು, ಓಡಿಹೋಗಿ ನೀರಿನಲ್ಲಿ ಬಾಯಿ ತೊಳೆದು, ಮತ್ತೆ ಬರುತ್ತದೆ. ಅರ್ಧ ಆಹಾರ ನೀರಿಗೆ. ತಟ್ಟೆ ದೂರ ಇಟ್ಟು ಪಕ್ಕದಲ್ಲೇ ಒಂದು ಬಕೆಟ್ ನೀರಿಡಿ. ಒಂದೇ ವಾರದಲ್ಲಿ ಕೊಳದ ವಾಸನೆ ಕಡಿಮೆಯಾಯಿತು ನನಗೆ.

ಕೇಳಿದವರು ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಆರರ ಆಸೆ ಬಿಟ್ಟೆ. ಮಕ್ಕಳ ಜೊತೆ ಚೌಕಾಸಿ ಮಾಡಿ ಮೂರಕ್ಕೆ ಇಳಿಸಿದ್ದೇನೆ. ಒಂದೇ ಸಾಕು ಅಂದೆ, ಒಪ್ಪಲಿಲ್ಲ.

ಇನ್ನೊಂದು ಸಂಶಯ. ಮರಿಗಳನ್ನು ತಂದ ದಿನವೇ ಕೊಳಕ್ಕೆ ಬಿಡಬಹುದಾ? ಬಾತು ಅಂದ ಮೇಲೆ ಹುಟ್ಟಿನಿಂದ ಈಜು ಬರುತ್ತದೆ ಅಲ್ವಾ?

ಉತ್ತರ

ಒಂದನ್ನೇ ತರುವ ಯೋಚನೆ ಬಿಟ್ಟಿದ್ದು ಒಳ್ಳೆಯದಾಯಿತು, ಬಾತು ಒಂಟಿಯಾಗಿ ಇರಲಾರದು. ಮಕ್ಕಳೇ ಸರಿ!

ಕೊಳಕ್ಕೆ ಮಾತ್ರ ಈಗಲೇ ಬೇಡ. ಈಜು ಬರುತ್ತದೆ ನಿಜ. ಆದರೆ ತಾಯಿ ಜೊತೆ ಇರುವ ಮರಿಗೆ ತಾಯಿಯ ಪುಕ್ಕದ ಎಣ್ಣೆ ತಾಗಿರುತ್ತದೆ, ಮೈ ಬೇಗ ಒದ್ದೆಯಾಗುವುದಿಲ್ಲ. ಕಾವು ಕೊಡುವ ಯಂತ್ರದಲ್ಲಿ ಮೊಟ್ಟೆಯೊಡೆದು ಬಂದ ಮರಿಗೆ ಆ ರಕ್ಷಣೆ ಇಲ್ಲ. ನೆನೆದು, ಚಳಿ ಹಿಡಿದು, ಮುಳುಗಿಯೇ ಹೋಗಬಹುದು. ಮೊದಲ ವಾರಗಳಲ್ಲಿ ಬೆಚ್ಚಗಿನ ಜಾಗ, ಕುಡಿಯಲು ಆಳವಿಲ್ಲದ ತಟ್ಟೆ, ಅದರಲ್ಲಿ ನಾಲ್ಕು ಗುಂಡುಕಲ್ಲು. ಒಂದು ತಿಂಗಳಾದ ಮೇಲೆ ಟಬ್ಬಿನಲ್ಲಿ ಹತ್ತು ನಿಮಿಷ, ನೀವು ಪಕ್ಕದಲ್ಲೇ ಕೂತು. ಮೈ ತುಂಬಾ ಪುಕ್ಕ ಬಂದ ಮೇಲೆ, ಅಂದರೆ ಏಳೆಂಟು ವಾರಕ್ಕೆ, ಕೊಳ.

ಮಕ್ಕಳು ಬಾತು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ. ನೋಡಲು ಆರೋಗ್ಯವಾಗಿರುವ ಬಾತಿನಿಂದಲೂ ಸಾಲ್ಮೊನೆಲ್ಲಾ ಅನ್ನುವ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಬರಬಹುದು.

ನಾಲ್ಕನೆಯವರು ಇನ್ನೊಂದು ಸೇರಿಸುತ್ತಾರೆ

ಬಿಸಿ ದಿನಗಳಲ್ಲಿ ಸತ್ತ ಮೀನನ್ನು ಅದೇ ದಿನ ತೆಗೆಯಿರಿ. ನೀರಲ್ಲೇ ಕೊಳೆಯಲು ಬಿಟ್ಟರೆ ಬಾಟುಲಿಸಂ ವಿಷ ಹುಟ್ಟಬಹುದು. ಅದನ್ನು ತಿಂದ ಬಾತಿನ ಕಾಲು ಸೋಲುತ್ತದೆ, ಆಮೇಲೆ ಕತ್ತು ಎತ್ತಲಾಗದೆ ನೆಲಕ್ಕೆ ಬೀಳುತ್ತದೆ. ಒಂದು ಬಾತು ಹಾಗೆ ಕತ್ತು ಚೆಲ್ಲಿದ್ದು ಕಂಡರೆ ಉಳಿದವನ್ನು ಮೊದಲು ನೀರಿನಿಂದ ಹೊರಗೆ ಹಾಕಿ, ಆಮೇಲೆ ಪಶುವೈದ್ಯರಿಗೆ ಫೋನ್ ಮಾಡಿ.

ಗಾಳಿ ಹಾಕುವ ಮೋಟರ್ ಒಂದೇ ಇದ್ದರೆ ಹಗಲು ಬೇಡ, ರಾತ್ರಿ ಹತ್ತರಿಂದ ಬಿಸಿಲು ಬರುವವರೆಗೆ ಓಡಿಸಿ. ಮತ್ತೆ ಮೂರು ಬಾತು ಅಂದಿರಲ್ಲ, ಮೂರೂ ಹೆಣ್ಣಾದರೆ ಒಳ್ಳೆಯದು. ಮೂರರಲ್ಲಿ ಎರಡು ಗಂಡಾದರೆ ಪಾಪ ಆ ಒಂದು ಹೆಣ್ಣಿಗೆ ನೀರಿನಲ್ಲೂ ನೆಮ್ಮದಿ ಇಲ್ಲ.